ಸಂಕಮ್ಮ ಕೊಡದ ಭಾಷೆ

ವಾರ್ಷಿಕೋತ್ಸವ ಹತ್ತಿರ ಬಂತೆಂದರೆ ನಮ್ಮ ಶಾಲೆಯಲ್ಲಿ ಪಾಠಕ್ಕಿಂತ ಗೆಜ್ಜೆಯ ಸದ್ದೇ ಹೆಚ್ಚು. ಹಿಂದಿನ ವರ್ಷ ಒಂಬತ್ತನೆಯ ತರಗತಿಯ ಹುಡುಗಿಯರು ಒಂದು ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಲ್ಲಿ ಗುಂಪಾಗಿ ನಿಂತರು. ಅವರು ಆರಿಸಿಕೊಂಡ ಹಾಡಿಗೆ ನನ್ನ ಒಪ್ಪಿಗೆ ಬೇಕಿತ್ತು. ಹಾಡು ಮಾದಪ್ಪನದು; ಕೋಲುಮಂಡೆ ಜಂಗಮ ಭಿಕ್ಷೆಗೆ ಬರುವ ಹಾಡು. ಅದನ್ನು ಗಿಟಾರು, ಡ್ರಮ್ಮುಗಳ ಜೊತೆ ಯಾರೋ ಹೊಸದಾಗಿ ಹಾಡಿದ್ದರು. ಕೇಳಲು ಚೆನ್ನಾಗಿಯೇ ಇತ್ತು. ಕೂತಲ್ಲೇ ನನ್ನ ಕಾಲು ತಾಳ ಹಾಕಿತು. ಒಪ್ಪಿಗೆ ಕೊಡುವ ಮುಂಚೆ, ಮೇಷ್ಟ್ರ ಕೆಲಸದ ಅಭ್ಯಾಸ ನೋಡಿ, ಒಂದು ಪ್ರಶ್ನೆ ಕೇಳಿದೆ. "ಈ ಹಾಡಿನಲ್ಲಿ ಬರುವ ಸಂಕಮ್ಮ ಯಾರು?"

ಹುಡುಗಿಯರು ಮುಖ ಮುಖ ನೋಡಿಕೊಂಡರು. ಕೊನೆಗೆ ಒಬ್ಬಳು, "ಅದು ಸಾಂಗ್‌ನಲ್ಲಿ ಬರುವ ಹೆಸರು, ಮಿಸ್" ಎಂದಳು. ನನಗೆ ಕೋಪ ಬಂತು. ಬೈಯಲು ಬಾಯಿ ತೆರೆದವಳಿಗೆ, ನಾನಾದರೂ ಇವರಿಗೆ ಏನು ಹೇಳಬಲ್ಲೆ ಎನ್ನಿಸಿ ಸುಮ್ಮನಾದೆ. ಇಷ್ಟು ವರ್ಷ ಪಾಠ ಮಾಡಿದ್ದೇನೆ. ಕಂಸಾಳೆ ಎಂದರೆ ನನ್ನ ತರಗತಿಯಲ್ಲಿ ಎರಡು ಅಂಕದ ಪ್ರಶ್ನೆ. 'ಕಂಸಾಳೆಯು ಚಾಮರಾಜನಗರ, ಮೈಸೂರು, ಮಂಡ್ಯ ಭಾಗದ ಜನಪದ ಕಲೆ' ಎಂದು ಬರೆದವರಿಗೆ ಪೂರ್ತಿ ಅಂಕ ಹಾಕಿದ್ದೇನೆ. ಸಂಕಮ್ಮ ಮಾದಪ್ಪನ ಭಕ್ತೆ, ಅವಳಿಗೆ ಮಾದಪ್ಪ ಮಕ್ಕಳ ಭಾಗ್ಯ ಕೊಟ್ಟ. ನನಗೆ ಗೊತ್ತಿದ್ದುದು ಅಷ್ಟೇ.

ಉಮ್ಮತ್ತೂರು ಎಂದರೆ ಇತಿಹಾಸ ಓದಿದವರಿಗೆ ನೆನಪಾಗುವುದು ಪಾಳೆಯಗಾರ ಗಂಗರಾಜ. 1509ರಲ್ಲಿ ಪಟ್ಟವೇರಿದ ಕೃಷ್ಣದೇವರಾಯ ತನ್ನ ಮೊದಲ ವರ್ಷಗಳ ದಂಡಯಾತ್ರೆಯಲ್ಲೇ ಈ ಗಂಗರಾಜನನ್ನು ಸೋಲಿಸಿದ. ಪಠ್ಯಪುಸ್ತಕದಲ್ಲಿ ನಮ್ಮೂರಿಗೆ ಸಿಕ್ಕಿರುವುದು ಆ ಒಂದು ಸಾಲು. ಆದರೆ ನಮ್ಮ ಸೀಮೆಯ ಮನೆಗಳ ಜಗುಲಿಯ ಮೇಲೆ ರಾತ್ರಿಯಿಡೀ ನಡೆಯುತ್ತಿದ್ದುದು ಗಂಗರಾಜನ ಕಥೆಯಲ್ಲ, ಏಳುಮಲೆಯ ಮಾದಪ್ಪನ ಕಥೆ.

ನಾನು ಚಿಕ್ಕವಳಿದ್ದಾಗ ದೇವರಗುಡ್ಡರು ಮನೆ ಬಾಗಿಲಿಗೆ ಬರುತ್ತಿದ್ದರು. ಕೊರಳಲ್ಲಿ ರುದ್ರಾಕ್ಷಿ, ಹೆಗಲಲ್ಲಿ ಜೋಳಿಗೆ. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ. ಭಿಕ್ಷೆ ಎಂದರೆ ಅವರಿಗೆ ಸರಿಬೀಳದು, ಅದು ಕೋರಣ್ಯ. ಅವ್ವ ಮೊರದಲ್ಲಿ ರಾಗಿಯೋ ಜೋಳವೋ ತಂದು ಹಾಕುವವರೆಗೆ ಅವರು ಹಾಡುತ್ತಿದ್ದರು. ಅವ್ವ ಬೇಕೆಂದೇ ನಿಧಾನ ಮಾಡುತ್ತಿದ್ದಳು, ಇನ್ನಷ್ಟು ಹಾಡು ಕೇಳಲಿ ಎಂದು. ಕಂಸಾಳೆ ಬೀಸಿ ಕುಣಿಯುವುದು ಜಾತ್ರೆಯ ನೋಟ. ಕೂತು ಕಥೆ ಹಾಡುವುದೇ ಅವರ ನಿಜವಾದ ಕೆಲಸ. ಆ ದೊಡ್ಡ ಕಥೆಯನ್ನು ಅವರು ಸಾಲುಗಳಾಗಿ ಭಾಗ ಮಾಡಿಕೊಂಡಿದ್ದಾರೆ: ಶ್ರವಣದೊರೆಯ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು, ಸಂಕಮ್ಮನ ಸಾಲು. ಒಂದೊಂದು ಸಾಲಿಗೂ ಗಂಟೆಗಟ್ಟಲೆ ಹೊತ್ತು ಬೇಕು. ಹೆಂಗಸರ ಹೆಸರಿನ ಸಾಲುಗಳು ಎಷ್ಟಿವೆ ನೋಡಿ. ಹಾಡುವವರು ಮಾತ್ರ ಗಂಡಸರು.

ಜಗುಲಿಯಿಂದ ಹಾಡು ಇಳಿದು ಹೋದದ್ದನ್ನು ನಮ್ಮ ತಲೆಮಾರು ಕಣ್ಣಾರೆ ಕಂಡಿದೆ. ಮೊದಲು ಕ್ಯಾಸೆಟ್ ಬಂತು. ಮಳವಳ್ಳಿ ಮಹದೇವಸ್ವಾಮಿಯವರ ದನಿ ಸಂತೆಯಲ್ಲಿ, ಹೋಟೆಲಿನಲ್ಲಿ, ಬಸ್ಸಿನಲ್ಲಿ ಕೇಳಿಸತೊಡಗಿತು. ಕ್ಯಾಸೆಟ್ಟು ಕಥೆಯನ್ನು ಚಿಕ್ಕದು ಮಾಡಿತು, ಆದರೂ ಕಥೆ ಉಳಿದಿತ್ತು. ಆಮೇಲೆ 1996ರಲ್ಲಿ ಟಿ. ಎಸ್. ನಾಗಾಭರಣ ಅವರ 'ಜನುಮದ ಜೋಡಿ' ಬಂತು. ವಿ. ಮನೋಹರ್ ಸಂಗೀತದಲ್ಲಿ ಎಲ್. ಎನ್. ಶಾಸ್ತ್ರಿ ಆ ಕೋಲುಮಂಡೆ ಜಂಗಮನ ಹಾಡನ್ನು ಹಾಡಿದರು. ಅದಕ್ಕೆ ರಾಜ್ಯ ಪ್ರಶಸ್ತಿಯೂ ಬಂತು. ನಮ್ಮ ಸೀಮೆಯ ಹಾಡು ಬೀದರಿನವರೆಗೂ ಹೋಯಿತಲ್ಲ ಎಂದು ನಾವೆಲ್ಲ ಹಿಗ್ಗಿದೆವು. ಹೋದದ್ದು ಪಲ್ಲವಿ, ಸಾಲು ಇಲ್ಲೇ ಉಳಿಯಿತು ಎಂಬುದು ಆಗ ಹೊಳೆಯಲಿಲ್ಲ.

ಮುಂದಿನ ಕಾಲ ಹೊಸ ಹುಡುಗರದು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಗಿಟಾರು ಹಿಡಿದು ಶಿಶುನಾಳ ಶರೀಫರ ತತ್ವಪದಗಳನ್ನು ಹಾಡಿದರು. 2008ರಲ್ಲಿ ಅವರ ಮೊದಲ ಆಲ್ಬಮ್ ಬಂತು. ಅದೇ ವರ್ಷ 'ಸೈಕೋ' ಎಂಬ ಚಿತ್ರಕ್ಕೆ ಸಂಗೀತ ಕೊಟ್ಟು, ಮಹದೇಶ್ವರನ ಪೂಜೆಗೆ ಬರುವ ನೆಪದಲ್ಲಿ ಹುಡುಗಿಯನ್ನು ನೋಡುವ ಹಾಡನ್ನು ತಾವೇ ಹಾಡಿದರು. ಕಾಲೇಜು ಹುಡುಗರ ಬಾಯಲ್ಲಿ ವರ್ಷಾನುಗಟ್ಟಲೆ ಅದೇ ಹಾಡು. ಬೇಂದ್ರೆ, ಕುವೆಂಪು ಕವಿತೆಗಳನ್ನು ಸುಗಮ ಸಂಗೀತವಾಗಿ ಕೇಳಿ ಬೆಳೆದ ನಮ್ಮಂಥವರಿಗೆ ಇದೇನು ಗದ್ದಲ ಎನ್ನಿಸಿದ್ದು ನಿಜ. ಆದರೆ ರೇಡಿಯೋ ಹಾಕಿದರೆ ಹಿಂದಿಯನ್ನೇ ಹುಡುಕುತ್ತಿದ್ದ ಮಕ್ಕಳು ಕನ್ನಡ ಹಾಡು ಕೇಳತೊಡಗಿದ್ದೂ ಅಷ್ಟೇ ನಿಜ.

ಇಲ್ಲಿ ಸ್ವಲ್ಪ ದೂರ ಹೋಗಬೇಕು, ಸ್ವೀಡನ್‌ವರೆಗೆ. ನನ್ನ ತಂಗಿಯ ಮಗಳು ಸ್ಟಾಕ್‌ಹೋಮಿನಲ್ಲಿದ್ದಾಳೆ. ಚಳಿಗಾಲದಲ್ಲಿ ಅಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲು. ಆ ಕತ್ತಲಲ್ಲಿ ಕೂತು ನನಗೆ ಹಾಡುಗಳನ್ನು ಕಳಿಸುತ್ತಾಳೆ. "ದೊಡ್ಡಮ್ಮ, ಇದು ಇಂಡಿ, ಇದು ಸೋಲ್" ಎಂದು ವಿವರಣೆ ಬೇರೆ. ಇಂಡಿ ಎಂದರೆ ಸಿನಿಮಾದ, ದೊಡ್ಡ ಕಂಪನಿಗಳ ಹಂಗಿಲ್ಲದೆ ತಾವೇ ಕಟ್ಟಿ ಹಾಡುವ ಹಾಡಂತೆ. ಸೋಲ್ ಅಮೆರಿಕದ ಕಪ್ಪು ಜನರದು. ಗುಲಾಮಗಿರಿ ಕಂಡವರ ಮೊಮ್ಮಕ್ಕಳು, ಮರಿಮಕ್ಕಳು ಚರ್ಚಿನ ಭಜನೆಯ ದನಿಯನ್ನು 1950ರ ದಶಕದಲ್ಲಿ ಹೊರಗಿನ ವೇದಿಕೆಗೆ ತಂದದ್ದು. ಅದನ್ನು ಈಗ ಸ್ವೀಡನ್ನಿನವರೂ ಹಾಡುತ್ತಾರೆ. ಸೈನಾಬೊ ಸೇ ಎಂಬ ಹೆಣ್ಣುಮಗಳ ಹಾಡು ನನಗೆ ಬಹಳ ಹಿಡಿಸಿತು. ಹುಟ್ಟಿದ್ದು 1990ರಲ್ಲಿ, ತಾಯಿ ಸ್ವೀಡನ್ನಿನವರು, ತಂದೆ ಆಫ್ರಿಕಾದ ಗ್ಯಾಂಬಿಯಾ ಮೂಲದ ಸಂಗೀತಗಾರ ಮೌಡೋ ಸೇ. 2015ರಲ್ಲಿ ಬಂದ ಅವಳ ಮೊದಲ ಆಲ್ಬಮ್ಮನ್ನು ನಾನು ಅರ್ಥವಾಗದೆಯೇ ನಾಲ್ಕು ಬಾರಿ ಕೇಳಿದ್ದೇನೆ. ಬಾವಿಯಿಂದ ಕೊಡ ಎಳೆದಂತೆ ದನಿ ಆಳದಿಂದ ಬರುತ್ತದೆ.

ಹಾಡಿಗಿಂತ ನನ್ನನ್ನು ಹಿಡಿದದ್ದು ಅವಳು ಹೇಳಿದ ಇನ್ನೊಂದು ಸಂಗತಿ. ಸ್ವೀಡನ್ನಿನ ಹಳ್ಳಿಗಳಲ್ಲಿ ಪಿಟೀಲು ನುಡಿಸುವ ಹಳೆಯ ಪರಂಪರೆಯಿದೆ. 1908ರಲ್ಲಿ ಅಲ್ಲಿ ಜನಪದ ಸಂಗೀತ ಸಂಗ್ರಹಿಸಲು ಒಂದು ಆಯೋಗವೇ ಆಯಿತು. 1922ರಿಂದ 1940ರವರೆಗೆ ಆ ಮಟ್ಟುಗಳನ್ನು ಸಂಪುಟಗಳಾಗಿ ಅಚ್ಚು ಹಾಕಿದರು. ಯಾವ ಸೀಮೆಯ, ಯಾವ ಪಿಟೀಲುಗಾರನಿಂದ ಬಂದದ್ದು ಎಂದು ಮಟ್ಟಿನ ಜೊತೆಗೆ ಬರೆದರು. ಇವತ್ತಿಗೂ ಹೊಸ ಹುಡುಗ ಹುಡುಗಿಯರು ವೇದಿಕೆ ಮೇಲೆ ಹಳೆಯ ಮಟ್ಟು ನುಡಿಸುವಾಗ 'ಇದು ಇಂಥವರ ನಂತರದ್ದು' ಎಂದು ಹೆಸರು ಹೇಳುವ ವಾಡಿಕೆ ಇದೆಯಂತೆ. ನಮ್ಮಲ್ಲಿ ಏನು ಬರೆಯುತ್ತೇವೆ? 'ಸಾಹಿತ್ಯ: ಜಾನಪದ'. ಅಲ್ಲಿಗೆ ಋಣ ತೀರಿತು.

ನಮ್ಮಲ್ಲೂ ಹೆಸರು ಬರೆದವರು ಇಲ್ಲದಿಲ್ಲ. ಪಿ. ಕೆ. ರಾಜಶೇಖರ ಅವರು 1970ರ ದಶಕದಲ್ಲೇ ಮಾದೇಶ್ವರನ ಕಾವ್ಯವನ್ನು ಸಂಗ್ರಹಿಸಿ ಅಚ್ಚಿಗೆ ತಂದರು. ಆಮೇಲೆ ಕೆ. ಕೇಶವನ್ ಪ್ರಸಾದ್ ಅವರು ಹೆಬ್ಬಣಿ ಮಾದಯ್ಯ ಮತ್ತು ತಂಡದವರು ಹಾಡಿದ ಇಡೀ ಕಾವ್ಯವನ್ನು ಅವರ ಹೆಸರಿನೊಡನೆಯೇ ಸಂಗ್ರಹಿಸಿದರು. ಅದು ಇಂಗ್ಲಿಷಿಗೂ ಹೋಯಿತು. ಆ ದಪ್ಪ ಪುಸ್ತಕಗಳು ವಿಶ್ವವಿದ್ಯಾಲಯದ ಕಪಾಟಿನಲ್ಲಿವೆ. ಹಾಡಿನ ಪಲ್ಲವಿ ನನ್ನ ವಿದ್ಯಾರ್ಥಿನಿಯರ ಫೋನಿನಲ್ಲಿದೆ. ಎರಡಕ್ಕೂ ನಡುವೆ ನಿಲ್ಲಬೇಕಾದವಳು ಟೀಚರು. ಅವಳು ಎರಡು ಅಂಕ ಹಾಕುತ್ತ ಕೂತಿದ್ದಳು.

2020ರ ಆಗಸ್ಟಿನಲ್ಲಿ ನಡೆದ ಗಲಾಟೆ ನಿಮಗೂ ನೆನಪಿರಬಹುದು. ಗೌರಿ-ಗಣೇಶ ಹಬ್ಬದ ಸಮಯಕ್ಕೆ ರ‍್ಯಾಪ್ ಗಾಯಕ ಚಂದನ್ ಶೆಟ್ಟಿ ಅದೇ ಕೋಲುಮಂಡೆ ಹಾಡಿನ ಹೊಸ ರೂಪ ತಂದರು. ಅದರ ದೃಶ್ಯದಲ್ಲಿ ಸಂಕಮ್ಮನ ಉಡುಗೆ, ಕುಣಿತ ಸರಿಯಿಲ್ಲವೆಂದು ನಮ್ಮ ಜಿಲ್ಲೆಯ ಭಕ್ತರು, ಕಲಾವಿದರು ನೊಂದುಕೊಂಡರು. ಶರಣೆಯನ್ನು ಹೀಗೆ ತೋರಿಸಬಹುದೇ ಎಂದು ಕೇಳಿದರು. ಗಾಯಕರು ಕ್ಷಮೆ ಕೇಳಿದರು, ವಿಡಿಯೊ ತೆಗೆದದ್ದೂ ಆಯಿತು. ನನಗೂ ಆಗ ಬೇಸರವಾಗಿತ್ತು, ಸ್ಟಾಫ್ ರೂಮಿನಲ್ಲಿ ನಾನೂ ಜೋರಾಗಿ ಮಾತಾಡಿದ್ದೆ. ಈಗ ಯೋಚಿಸಿದರೆ, ಅಷ್ಟು ದಿನ ನಾವೆಲ್ಲ ಆಡಿದ್ದು ಸಂಕಮ್ಮನ ಬಟ್ಟೆಯ ಮಾತು. ಅವಳು ಆಡಿದ ಮಾತೇನು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಅದನ್ನು ನನಗೆ ಹೇಳಿಕೊಟ್ಟವರು ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವರು. ಹುಡುಗಿಯರ ಮುಂದೆ ನಾನು ತಬ್ಬಿಬ್ಬಾದ ಮಾರನೆಯ ದಿನ ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದೆ. ಅವರ ತಂದೆ ಗುಡ್ಡರಾಗಿದ್ದವರು. ಅವರೆಕಾಯಿ ಸುಲಿಯುತ್ತಲೇ ಕಥೆ ಹೇಳಿದರು, ನಡುವೆ ನಡುವೆ ಸಣ್ಣ ದನಿಯಲ್ಲಿ ಹಾಡಿದರು. ಹಾಡುಗಾರರು ಬದಲಾದಂತೆ ವಿವರ ಬದಲಾಗುತ್ತದೆ. ಅವರು ಹೇಳಿದ್ದು ಹೀಗೆ.

ಸಂಕಮ್ಮನ ಗಂಡ ನೀಲೇಗೌಡ ಸೋಲಿಗ. ಜೇನು ಕೀಳಲು ಕಾಡಿಗೆ ಹೊರಟವನಿಗೆ ಅನುಮಾನ ಹುಟ್ಟಿತು. ನಾನಿಲ್ಲದಾಗ ಕೆಟ್ಟು ಹೋಗುವುದಿಲ್ಲವೆಂದು ಬಲಗೈ ಭಾಷೆ ಕೊಡು ಎಂದ. ಸಂಕಮ್ಮ ಕೊಡಲಿಲ್ಲ. ಬೇಡಿದ, ಬೆದರಿಸಿದ, ಹಿಂಸೆ ಕೊಟ್ಟ. ಕೊಡಲಿಲ್ಲ. ಕೊನೆಗೆ ಅವಳನ್ನು ಗುಡಿಸಲಲ್ಲಿ ಕೂಡಿ, ಕಟ್ಟುಮಾಡಿ ಹೋದ. ಹಸಿವೆಯಲ್ಲಿ ಬಿದ್ದಿದ್ದವಳ ಬಾಗಿಲಿಗೆ ಮಾದಪ್ಪ ಜಂಗಮನಾಗಿ ಕೋರಣ್ಯಕ್ಕೆ ಬಂದ, ಬಿಡಿಸಿದ, ಮಕ್ಕಳ ವರ ಕೊಟ್ಟ. ಕಾರಯ್ಯ, ಬಿಲ್ಲಯ್ಯ ಹುಟ್ಟಿದರು. ನಾವೆಲ್ಲ ಕುಣಿಯುವ ಆ ಹಾಡು ಹುಟ್ಟುವುದು ಆ ಗುಡಿಸಲಿನ ಬಾಗಿಲಲ್ಲಿ, ಒಬ್ಬ ಹೆಂಗಸಿನ ಅತಿ ಕೆಟ್ಟ ದಿನದಲ್ಲಿ.

"ಭಾಷೆ ಕೊಟ್ಟುಬಿಟ್ಟಿದ್ದರೆ ಇಷ್ಟೆಲ್ಲ ಕಷ್ಟ ಇರುತ್ತಿರಲಿಲ್ಲವಲ್ಲ?" ಎಂದೆ. ಆಕೆ ಅವರೆಕಾಯಿ ಬಿಟ್ಟು ನನ್ನ ಮುಖ ನೋಡಿದರು. "ಯಾಕ್ ಕೊಟ್ಟಾಳು ಮಿಸ್ಸು? ತಪ್ಪು ಮಾಡ್ದೋರು ಆಣೆ ಇಕ್ಕಬೇಕು. ಏನೂ ಮಾಡ್ದೆ ಇರೋಳು ಯಾಕ್ ಇಕ್ಕಾಳು?"

ಅದೇ ವಾರ ಹುಡುಗಿಯರನ್ನು ಕೂರಿಸಿಕೊಂಡು ಕಥೆ ಹೇಳಿದೆ. ಅಡುಗೆಯವರನ್ನೂ ತರಗತಿಗೆ ಕರೆದೆ. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲ ಬಳಿಯೇ ಕೂತು ಹಾಡಿದರು. ಗಲಾಟೆಯ ತರಗತಿ ಅಂದು ಗಪ್‌ಚಿಪ್. ಸಂಜೆ ಗಂಟೆ ಹೊಡೆದ ಮೇಲೆ ಒಬ್ಬಳು ಹಿಂದೆ ಉಳಿದಳು. ತರಗತಿಯಲ್ಲಿ ಹೆಚ್ಚು ಮಾತಾಡದ ಹುಡುಗಿ. ಯಾವುದೋ ನಂಬರಿನಿಂದ ಮನೆಯ ಫೋನಿಗೆ ಕರೆ ಬಂದಿತೆಂದು ಅಣ್ಣ ಅವಳನ್ನು ದೇವರ ಮುಂದೆ ನಿಲ್ಲಿಸಿ, ದೀಪದ ಮೇಲೆ ಕೈಯಿಟ್ಟು ಆಣೆ ಮಾಡು ಎಂದನಂತೆ. "ಮಾಡಿದೆ ಮಿಸ್. ಯಾರದು ಅಂತ ನಂಗೆ ನಿಜವಾಗ್ಲೂ ಗೊತ್ತಿರಲಿಲ್ಲ. ಆದರೂ ಮಾಡಿದೆ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಮಾಡಬಾರದಿತ್ತಾ?" ಎಂದು ಕೇಳಿದಳು.

ನನಗೆ ಉತ್ತರ ಸುಲಭವಾಗಿರಲಿಲ್ಲ. ಮಾಡಬೇಡ ಎಂದು ಹೇಳಿದರೆ ಆ ರಾತ್ರಿ ಆ ಮನೆಯಲ್ಲಿ ಇರುವವಳು ಅವಳು, ನಾನಲ್ಲ. "ನೀನು ಮಾಡಿದ್ದರಲ್ಲಿ ತಪ್ಪಿಲ್ಲ. ಮಾಡಿಸಿದ್ದು ತಪ್ಪು" ಎಂದೆ. ಮರುದಿನ ಅವಳ ತಾಯಿಯನ್ನು ಕರೆಸಿ ಬೇರೆ ನೆಪ ತೆಗೆದು ಬಹಳ ಹೊತ್ತು ಮಾತಾಡಿದೆ. ಆಕೆಯೂ ಕಥೆ ಬಲ್ಲವರು. ಸಂಕಮ್ಮನ ಹೆಸರು ಬಂದಾಗ ಕಣ್ಣು ತಗ್ಗಿಸಿ, "ಅವ್ನಿಗೆ ನಾ ಹೇಳ್ತೀನಿ ಬುಡಿ" ಎಂದರು. ಹುಡುಗಿ ಶಾಲೆ ಬಿಡಲಿಲ್ಲ, ಹತ್ತನೆಯ ತರಗತಿಗೆ ಬಂದಳು. ಅಷ್ಟು ಸಾಕೆನ್ನಲಾರೆ, ಆದರೆ ಅಷ್ಟಾಯಿತು.

ಹೊಸ ಹಾಡಿನ ಮೇಲೆ ನನಗೆ ಮುನಿಸಿಲ್ಲ. 2021ರ 'ಗರುಡ ಗಮನ ವೃಷಭ ವಾಹನ' ಚಿತ್ರದಲ್ಲಿ ಮಾದೇವನ ಸೂಜುಮಲ್ಲಿಗೆ ಹಾಡನ್ನು ಚೈತ್ರಾ ಆಚಾರ್ ಹಾಡಿದ್ದಾರೆ. ಅದನ್ನೇ ಅನನ್ಯಾ ಭಟ್ ಹಾಡಿದ್ದೂ ಮನೆಮನೆ ತಲುಪಿದೆ. ಕಂಸಾಳೆ ಹಿಡಿದ ಗಂಡಸರ ದನಿಯಲ್ಲೇ ಕೇಳುತ್ತಿದ್ದ ಮಾದಪ್ಪನ ಪದ ಹೆಣ್ಣಿನ ಕೊರಳಲ್ಲಿ ಬಂದಾಗ ನನಗೆ ಕಣ್ಣು ತುಂಬಿತು. ಹಾಡು ಹೀಗೇ ವೇಷ ಬದಲಿಸಿ ಮನೆ ಬಾಗಿಲಿಗೆ ಬರಲಿ. ಬಂದಾಗ ಮೊರ ಹಿಡಿದು ನಿಧಾನ ಮಾಡಿದ ನನ್ನ ಅವ್ವನ ಹಾಗೆ, ಇದು ಯಾರ ಕಥೆ, ಯಾರಿಂದ ಬಂತು ಎಂದು ಸ್ವಲ್ಪ ನಿಂತು ಕೇಳುವವರು ಬೇಕು.

ವಾರ್ಷಿಕೋತ್ಸವದ ದಿನ ಹುಡುಗಿಯರು ಗಿಟಾರು, ಡ್ರಮ್ಮಿನ ಅದೇ ಹಾಡಿಗೆ ಕುಣಿದರು. ಶುರುವಾಗುವ ಮುಂಚೆ ಒಬ್ಬಳು ಮೈಕಿನ ಮುಂದೆ ಬಂದು ಭಾಷೆ ಕೊಡದ ಸಂಕಮ್ಮನ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಕೊನೆಯಲ್ಲಿ, ಈ ಕಥೆಯನ್ನು ನಮಗೆ ಹೇಳಿಕೊಟ್ಟವರು ಎಂದು ಅಡುಗೆಯವರ ಹೆಸರನ್ನು, ಅವರ ತಂದೆಯ ಹೆಸರನ್ನು ಹೇಳಿದಳು. ಆಕೆ ಪಾತ್ರೆಗಳ ಹಿಂದೆ ನಿಂತಿದ್ದರು. ಹೆಸರು ಕೇಳಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.