ಚಿಪ್ಪಿನ ಮನೆ ಕಟ್ಟಿದವನು

ನಮ್ಮ ಹಡಗು ಸಿಡ್ನಿ ಬಂದರಿಗೆ ಬಂದಾಗ ಬೆಳಗಿನ ಆರೂವರೆ. ಆಕ್ಲೆಂಡಿನಲ್ಲಿ ಹಡಗು ಹತ್ತಿಸುವಾಗಲೇ ಸೊಸೆ, "ಅತ್ತೆ, ಆ ದಿನ ಮಾತ್ರ ಬೇಗ ಎದ್ದುಬಿಡಿ" ಎಂದು ಹತ್ತು ಸಲ ಹೇಳಿದ್ದಳು. ಎದ್ದು ಡೆಕ್ಕಿಗೆ ಬಂದರೆ ಎದುರಿಗೇ ಅಪೆರಾ ಹೌಸ್! ಕ್ಯಾಲೆಂಡರಿನಲ್ಲಿ ಕಂಡ ಅಚ್ಚ ಬಿಳುಪಲ್ಲ, ಎಳೆಬಿಸಿಲಿಗೆ ಕೆನೆಗಟ್ಟಿದ ಹಾಲಿನ ಬಣ್ಣ. ಎಲ್ಲರೂ ಹಾಯಿ ಎನ್ನುತ್ತಾರೆ. ನನಗೆ ಕಂಡದ್ದು ತೊಳೆದು ಓರೆಯಾಗಿ ಇಟ್ಟ ತೆಂಗಿನ ಕರಟಗಳು.

"ಖರ್ಚು ಎಷ್ಟು ಬಂತಂತೆ?" ಎಂದರು ನಮ್ಮವರು. ನಿವೃತ್ತ ಎಂಜಿನಿಯರ್, ತಾಜಮಹಲಿನ ಮುಂದೆಯೂ ಕೇಳಿದ್ದು ಅದನ್ನೇ.

ಖರ್ಚಿನ ಕತೆ ದೊಡ್ಡದೇ. 1957ರಲ್ಲಿ ಸ್ಪರ್ಧೆಗೆ ಬಂದ 233 ನಕ್ಷೆಗಳಲ್ಲಿ ಆರಿಸಿದ್ದು ಡೆನ್ಮಾರ್ಕಿನ ಯೋರ್ನ್ ಉಟ್ಸೊನ್ ಎಂಬಾತನದನ್ನು. ವಯಸ್ಸು 38, ಹಡಗು ವಿನ್ಯಾಸಕಾರನ ಮಗ. ಆತ ಸಿಡ್ನಿಯನ್ನು ನೋಡಿಯೇ ಇರಲಿಲ್ಲ. ಕಡಲ ನಕ್ಷೆ, ಫೋಟೋಗಳನ್ನು ಮುಂದಿಟ್ಟುಕೊಂಡೇ ಬರೆದಿದ್ದ. 70 ಲಕ್ಷ ಡಾಲರಿನ ಅಂದಾಜು ಕೊನೆಗೆ 10 ಕೋಟಿ 20 ಲಕ್ಷವಾಯಿತು. ಬಹುಪಾಲು ಹಣ ಬಂದದ್ದು ಲಾಟರಿಯಿಂದ. 1960ರಲ್ಲಿ ಆ ಲಾಟರಿಯ ಬಹುಮಾನ ಬಂದ ಮನೆಯ ಎಂಟು ವರ್ಷದ ಹುಡುಗನನ್ನು ಹಣಕ್ಕಾಗಿ ಅಪಹರಿಸಿ ಕೊಂದರಂತೆ. ಇಷ್ಟು ಚೆಂದದ ಕಟ್ಟಡದ ಹಿಂದೆ ಆ ತಾಯಿಯ ಸಂಕಟವೂ ಇದೆ ಎಂಬುದು ನನಗೆ ದಿನವಿಡೀ ಮರೆಯಲಾಗಲಿಲ್ಲ.

ಹಡಗುಕಟ್ಟೆಯಿಂದ ನೀರಂಚಿನಲ್ಲೇ ಸುತ್ತಿ ನಡೆದು ಹೋದೆವು. ಆ ಜಾಗಕ್ಕೆ ಬೆನ್ನೆಲಾಂಗ್ ಎಂಬ ಮೂಲನಿವಾಸಿಯ ಹೆಸರು. ಅಲ್ಲಿನ ಜನ ತಿಂದು ಬಿಟ್ಟ ಚಿಪ್ಪುಗಳ ರಾಶಿಯನ್ನು ಬಿಳಿಯರು ಸುಟ್ಟು ಸುಣ್ಣ ಮಾಡಿ ಮನೆ ಕಟ್ಟಿಕೊಂಡರು. ನಮ್ಮ ಕುಂದಾಪುರದ ಕಡೆಯ ಚಿಪ್ಪಿನ ಸುಣ್ಣ ನೆನಪಾಯಿತು.

ಹತ್ತಿರ ಹೋದ ಮೇಲೆ ನಮ್ಮವರ ಲೆಕ್ಕಾಚಾರ ನಿಂತಿತು. ಒಟ್ಟು 10,56,006 ಹೆಂಚುಗಳು, ಸ್ವೀಡನ್ನಿನಲ್ಲಿ ಸುಟ್ಟು ತಂದವು. ಹೊಳೆಯುವ ಬಿಳಿಯವು ಕೆಲವು, ಹೊಳಪಿಲ್ಲದ ಕೆನೆಬಣ್ಣದವು ಕೆಲವು. ಈ ಚಿಪ್ಪುಗಳನ್ನು ಕಟ್ಟುವುದು ಹೇಗೆಂದು ವರ್ಷಗಟ್ಟಲೆ ಯಾರಿಗೂ ತಿಳಿದಿರಲಿಲ್ಲ. ಎಲ್ಲ ಚಿಪ್ಪುಗಳನ್ನೂ ಒಂದೇ ಗೋಲದಿಂದ ಕೊಯ್ದು ತೆಗೆದಂತೆ ಮಾಡಿದರೆ, ಅವೇ ಅಚ್ಚುಗಳಲ್ಲಿ ಪಕ್ಕೆಲುಬುಗಳನ್ನು ಮತ್ತೆ ಮತ್ತೆ ಎರಕ ಹೊಯ್ಯಬಹುದೆಂದು ಹೊಳೆದದ್ದು 1961ರಲ್ಲಿ. ನಮ್ಮವರು ಒಂದು ಹೆಂಚಿನ ಮೇಲೆ ಕೈಯಿಟ್ಟು, "ಮಾರಾಯ್ತಿ, ಇವನು ಸಾಮಾನ್ಯದವನಲ್ಲ" ಎಂದರು.

ಆದರೆ 1965ರಲ್ಲಿ ಸರ್ಕಾರ ಬದಲಾಯಿತು. ಹೊಸ ಮಂತ್ರಿ ಹಣ ತಡೆಹಿಡಿದ. 1966ರ ಫೆಬ್ರವರಿಯಲ್ಲಿ ಉಟ್ಸೊನ್ ರಾಜೀನಾಮೆ ಕೊಟ್ಟ. ಅವನೇ ಬೇಕೆಂದು ಜನ ಬೀದಿಗಿಳಿದರೂ ಪ್ರಯೋಜನವಾಗಲಿಲ್ಲ. ಹೆಂಡತಿ ಮಕ್ಕಳೊಂದಿಗೆ ಊರು ಬಿಟ್ಟ. ಒಳಗಿನ ಕೆಲಸವನ್ನು ಬೇರೆಯವರು ಮುಗಿಸಿದರು. 1973ರಲ್ಲಿ ರಾಣಿ ಎಲಿಜಬೆತ್ ಉದ್ಘಾಟಿಸಿದಳು. ಮುಂದೆ ಮುನಿಸು ತಿಳಿಯಾಗಿ, ಅವನಿಂದಲೇ ಒಂದು ಕೋಣೆಯ ವಿನ್ಯಾಸ ಮಾಡಿಸಿ 2004ರಲ್ಲಿ ಅದಕ್ಕೆ ಅವನ ಹೆಸರಿಟ್ಟರು. 2007ರಲ್ಲಿ ಕಟ್ಟಡ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. 2008ರಲ್ಲಿ ಆತ ತೀರಿಕೊಂಡ.

"ಒಮ್ಮೆಯೂ ಬಂದು ನೋಡಲಿಲ್ಲವೆ?"

"ಇಲ್ಲವಂತೆ."

ನಮ್ಮವರು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ನನಗೆ ಗೊತ್ತಿತ್ತು. ನನ್ನ ತವರಿನ ಹೊಳೆಗೆ ಸೇತುವೆ ಹಾಕಿಸುತ್ತಿದ್ದವರು ಇವರೇ. ನಾಲ್ಕು ಕಂಬ ಏಳುವಷ್ಟರಲ್ಲಿ ಯಾರದೋ ಬಿಲ್ಲಿಗೆ ಸಹಿ ಹಾಕಲಿಲ್ಲವೆಂದು ವರ್ಗವಾಯಿತು. ಉದ್ಘಾಟನೆಗೆ ಒಂದು ಕಾಗದವೂ ಬರಲಿಲ್ಲ. ಆ ಸೇತುವೆ ದಾಟಿದರೆ ತವರಿಗೆ ಒಂದು ತಾಸಿನ ದಾರಿ ಉಳಿಯುತ್ತದೆ. ಇಪ್ಪತ್ತಾರು ವರ್ಷ ನನ್ನನ್ನು ಸುತ್ತುದಾರಿಯಲ್ಲೇ ಕರೆದುಕೊಂಡು ಹೋದರು. ನಾನು ಯಾಕೆಂದು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಸಂಜೆ ಹಡಗು ಬಿಟ್ಟಿತು. ದೀಪ ಹತ್ತಿದ ಚಿಪ್ಪುಗಳು ಸಣ್ಣದಾಗುತ್ತಿದ್ದವು. ಕಟಕಟೆ ಹಿಡಿದು ನಿಂತಿದ್ದ ಇವರು ತಟ್ಟನೆ, "ಆ ಸೇತುವೆಗೆ ಕೊನೆಗೆ ಹನ್ನೊಂದು ಕಂಬವೇ ಹಾಕಿದರೋ, ಕಡಿಮೆ ಮಾಡಿದರೋ?" ಎಂದರು.

"ಹನ್ನೊಂದೇ" ಎಂದೆ. ತಮ್ಮನ ಜತೆ ಬಸ್ಸಿನಲ್ಲಿ ದಾಟಿದಾಗಲೆಲ್ಲ ಎಣಿಸಿದ್ದೆ.