ಯುನಿಕ್ಸ್ ಫೈಲ್ ಅನುಮತಿ ಬಿಟ್‌ಗಳು: ವಿವರಣೆಯ ಇತಿಹಾಸ

ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಒಂದು ಫೈಲನ್ನು ಯಾರು ಓದಬಹುದು, ಯಾರು ತಿದ್ದಬಹುದು, ಯಾರು ಚಲಾಯಿಸಬಹುದು ಎಂಬುದನ್ನು ಹನ್ನೆರಡು ಬಿಟ್‌ಗಳು ಹೇಳುತ್ತವೆ. ಮಾಲೀಕ, ಗುಂಪು, ಉಳಿದವರು ಎಂಬ ಮೂರು ವರ್ಗಗಳಿಗೆ ತಲಾ ಮೂರರಂತೆ ಒಂಬತ್ತು. ಅವುಗಳ ಮೇಲೆ ಸೆಟ್‌ಯುಐಡಿ (ಪ್ರೋಗ್ರಾಂ ಅದರ ಮಾಲೀಕನ ಹಕ್ಕಿನಲ್ಲಿ ಓಡಲಿ ಎಂಬ ಸೂಚನೆ), ಸೆಟ್‌ಜಿಐಡಿ (ಗುಂಪಿನ ಹಕ್ಕಿನಲ್ಲಿ ಓಡಲಿ ಎಂಬ ಸೂಚನೆ) ಮತ್ತು ಸ್ಟಿಕಿ ಎಂಬ ಮೂರು ವಿಶೇಷ ಬಿಟ್‌ಗಳು. ಬಿಟ್‌ಗಳು ಇಷ್ಟೇ ಆದರೂ ಅವುಗಳ ಅರ್ಥವನ್ನು ಕೈಪಿಡಿಗಳಲ್ಲಿ ಸ್ಪಷ್ಟವಾಗಿ ಬರೆಯಲು ದಶಕಗಳೇ ಹಿಡಿದವು.

ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ 1971ರ ನವೆಂಬರ್‌ನಲ್ಲಿ ಹೊರತಂದ ಮೊದಲ ಕೈಪಿಡಿಯಲ್ಲಿ ಗುಂಪಿನ ಸುಳಿವೇ ಇಲ್ಲ. ಅಷ್ಟಮಾನದಲ್ಲಿ 10 ಎಂದರೆ ಮಾಲೀಕ ಓದಬಹುದು, 4 ಎಂದರೆ ಬರೆಯಬಹುದು. 2 ಮತ್ತು 1 ಇತರರ ಓದು, ಬರಹಕ್ಕೆ. ಚಲಾಯಿಸುವ ಬಿಟ್ 20. ಅದು ಎಲ್ಲರಿಗೂ ಸೇರಿ ಒಂದೇ. ಸೆಟ್‌ಯುಐಡಿ 40. ಇಂದು 644 ಎಂದು ಬರೆಯುವ ಅನುಮತಿ (ಮಾಲೀಕನಿಗೆ ಓದು, ಬರಹ; ಉಳಿದವರಿಗೆ ಓದು ಮಾತ್ರ) ಅಂದು 16 ಆಗಿತ್ತು.

ಇವರಿಬ್ಬರೂ 1974ರಲ್ಲಿ ಪ್ರಕಟಿಸಿದ ಪ್ರಬಂಧ ಏಳು ರಕ್ಷಣಾ ಬಿಟ್‌ಗಳನ್ನು ವಿವರಿಸುತ್ತದೆ: ಮಾಲೀಕನಿಗೆ ಮೂರು, ಇತರರಿಗೆ ಮೂರು, ಜೊತೆಗೆ ಸೆಟ್‌ಯುಐಡಿ. ಅದೇ ಪ್ರಬಂಧದ 1978ರ ಪರಿಷ್ಕೃತ ರೂಪದಲ್ಲಿ ಗುಂಪೂ ಸೇರಿ ಲೆಕ್ಕ ಹತ್ತಕ್ಕೆ ಏರಿದೆ. ಸೆಟ್‌ಯುಐಡಿ ಕಲ್ಪನೆಗೆ ರಿಚಿಯವರ ಹೆಸರಿನಲ್ಲಿ 1979ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು.

ಹೆಚ್ಚು ಗೊಂದಲ ಹುಟ್ಟಿಸಿದ್ದು ಡೈರೆಕ್ಟರಿಗಳು. ಡೈರೆಕ್ಟರಿಯನ್ನು ಚಲಾಯಿಸುವುದೆಂದರೇನು? ಅಲ್ಲಿ ಚಲಾಯಿಸುವ ಬಿಟ್‌ನ, ಅಂದರೆ ಎಕ್ಸ್ ಬಿಟ್‌ನ, ಅರ್ಥ ಅದನ್ನು ಹಾದು ಒಳಗಿನ ಹೆಸರನ್ನು ತಲುಪುವ ಅನುಮತಿ. ಓದುವ ಆರ್ ಬಿಟ್ ಇದ್ದು ಎಕ್ಸ್ ಇಲ್ಲದಿದ್ದರೆ ಫೈಲ್‌ಗಳ ಹೆಸರಿನ ಪಟ್ಟಿ ಸಿಗುತ್ತದೆ, ಆದರೆ ಯಾವ ಫೈಲೂ ತೆರೆಯುವುದಿಲ್ಲ. ಎಕ್ಸ್ ಇದ್ದು ಆರ್ ಇಲ್ಲದಿದ್ದರೆ ಪಟ್ಟಿ ಕಾಣದು. ಹೆಸರು ಮೊದಲೇ ಗೊತ್ತಿದ್ದವರು ಮಾತ್ರ ಫೈಲನ್ನು ತಲುಪಬಹುದು. ಅಳಿಸುವ ಹಕ್ಕೂ ಫೈಲಿನ ಬಿಟ್‌ಗಳಲ್ಲಿ ಇಲ್ಲ, ಅದಿರುವ ಡೈರೆಕ್ಟರಿಯ ಬಿಟ್‌ಗಳಲ್ಲಿದೆ. 444 ಎಂದು ಗುರುತು ಮಾಡಿದ ಫೈಲನ್ನೂ ಡೈರೆಕ್ಟರಿಯಲ್ಲಿ ಬರೆಯುವ ಮತ್ತು ಹಾಯುವ ಅನುಮತಿ ಇದ್ದವರು ಅಳಿಸಿಬಿಡಬಹುದು. ಫೈಲಿಗೆ ಬೀಗ ಹಾಕಿದ್ದೇನೆಂದು ನಂಬಿದವರಿಗೆ ಇದನ್ನು ಮೊದಲ ಪುಟದಲ್ಲೇ ಹೇಳಬೇಕಿತ್ತು.

ಪರಿಶೀಲನೆಯ ಕ್ರಮವೂ ಹಾಗೆಯೇ ಮುಖ್ಯ. ಮೂರು ವರ್ಗಗಳ ಅನುಮತಿಗಳು ಒಟ್ಟುಗೂಡುವುದಿಲ್ಲ. ಬಳಕೆದಾರ ಯಾವ ವರ್ಗಕ್ಕೆ ಮೊದಲು ಹೊಂದುತ್ತಾನೋ ಅದೊಂದೇ ಅನ್ವಯ. 077 ಇರುವ ಫೈಲನ್ನು ಊರವರೆಲ್ಲ ಓದಬಹುದು, ಮಾಲೀಕ ಓದುವಂತಿಲ್ಲ. ಸೂಪರ್‌ಯೂಸರ್‌ಗೆ ಮಾತ್ರ ಓದು, ಬರಹದ ಈ ಕಟ್ಟುಪಾಡಿಲ್ಲ.

ಸ್ಟಿಕಿ ಬಿಟ್‌ನ ಅರ್ಥವೇ ಬದಲಾಗಿಹೋಯಿತು. 1970ರ ದಶಕದಲ್ಲಿ ಅದು, ಪ್ರೋಗ್ರಾಂ ಮುಗಿದ ಮೇಲೂ ಅದರ ಪಠ್ಯಭಾಗವನ್ನು (ಯಂತ್ರಸಂಕೇತವನ್ನು) ಸ್ವಾಪ್ ಜಾಗದಲ್ಲೇ ಉಳಿಸಿಕೊಳ್ಳಬೇಕೆಂಬ ಸೂಚನೆಯಾಗಿತ್ತು. 1986ರ 4.3ಬಿಎಸ್‌ಡಿ ಅದಕ್ಕೆ ಡೈರೆಕ್ಟರಿಗಳಲ್ಲಿ ಹೊಸ ಕೆಲಸ ಕೊಟ್ಟಿತು: ಫೈಲಿನ ಮಾಲೀಕ, ಡೈರೆಕ್ಟರಿಯ ಮಾಲೀಕ ಅಥವಾ ಸೂಪರ್‌ಯೂಸರ್ ಹೊರತು ಬೇರಾರೂ ಅಲ್ಲಿನ ಫೈಲನ್ನು ಅಳಿಸುವಂತಿಲ್ಲ. ಎಲ್ಲರೂ ಬರೆಯಬಹುದಾದ ತಾತ್ಕಾಲಿಕ ಡೈರೆಕ್ಟರಿಗೆ 1777 ಎಂಬ ಅನುಮತಿ ಇರುವುದು ಇದಕ್ಕಾಗಿಯೇ. ಹಳೆಯ ಅರ್ಥವನ್ನೇ ಮೊದಲು ಹೇಳುವ ಪುಸ್ತಕಗಳು ಹೊಸಬರ ದಾರಿ ತಪ್ಪಿಸುತ್ತವೆ.

ಅನುಮತಿ ಬದಲಿಸುವ ಗ್ನೂ ಸಿಎಚ್‌ಮಾಡ್ ಆದೇಶದಲ್ಲಿ ಇನ್ನೊಂದು ಸೂಕ್ಷ್ಮವಿದೆ. 755 ಎಂದು ಕೊಟ್ಟರೆ ಡೈರೆಕ್ಟರಿಯ ಸೆಟ್‌ಜಿಐಡಿ ಅಳಿಯುವುದಿಲ್ಲ; ಅದನ್ನು ಅಳಿಸಲು 00755 ಎಂದು ಬರೆಯಬೇಕು.

1988ರ ಪಾಸಿಕ್ಸ್ ಮಾನದಂಡ ಒಂಬತ್ತು ಅನುಮತಿ ಬಿಟ್‌ಗಳಿಗೆ ಸಾಂಕೇತಿಕ ಹೆಸರುಗಳನ್ನು ನಿಗದಿಪಡಿಸಿತು. 2008ರ ಆವೃತ್ತಿಯಲ್ಲಿ ಅವುಗಳ ಅಷ್ಟಮಾನ ಬೆಲೆಗಳೂ ಪಟ್ಟಿಯಾಗಿವೆ. ನಿರ್ದಿಷ್ಟ ಬಳಕೆದಾರರಿಗೆ ಪ್ರತ್ಯೇಕ ಅನುಮತಿ ಕೊಡುವ ಎಸಿಎಲ್‌ಗಳ (ಪ್ರವೇಶ ನಿಯಂತ್ರಣ ಪಟ್ಟಿಗಳ) ಕರಡು ಮಾತ್ರ ಮಾನದಂಡವಾಗದೆ 1990ರ ದಶಕದ ಕೊನೆಗೆ ಕೈಬಿಟ್ಟುಹೋಯಿತು. ಆದರೂ ಅವು ಬಳಕೆಯಲ್ಲಿವೆ: ಲಿನಕ್ಸ್‌ನಲ್ಲಿ ಫೈಲ್ ಪಟ್ಟಿ ಕೊಡುವ ಎಲ್‌ಎಸ್ ಆದೇಶ ತೋರಿಸುವ ಅನುಮತಿ ಅಕ್ಷರಗಳ ಕೊನೆಯಲ್ಲಿ ಕೂಡಿಕೆ ಚಿಹ್ನೆ ಕಂಡರೆ ನಡುವಿನ ಮೂರು ಅಕ್ಷರಗಳು ಸಾಮಾನ್ಯವಾಗಿ ಎಸಿಎಲ್‌ನ ಮಾಸ್ಕನ್ನು (ಗರಿಷ್ಠ ಮಿತಿಯನ್ನು) ಸೂಚಿಸುತ್ತವೆ, ಗುಂಪಿನ ಅನುಮತಿಯನ್ನಲ್ಲ. ಅಂಥ ಫೈಲಿನ ನಿಜವಾದ ಅನುಮತಿ ತಿಳಿಯಲು ಆಯಾ ವ್ಯವಸ್ಥೆಯ ಎಸಿಎಲ್ ಕೈಪಿಡಿಯನ್ನೇ ನೋಡಬೇಕು.