ಸಭೆಯಲ್ಲಿ ಹುಟ್ಟಿದ ಕಾಯಿದೆ, ಹೊಲಕ್ಕೆ ಬಂದ ನೀರು



ಕೂಡಲಸಂಗಮಕ್ಕೆ ಹೋದವರೆಲ್ಲ ಬಸವಣ್ಣನವರ ಐಕ್ಯಮಂಟಪವನ್ನು ಕಾಣಲು ಮೆಟ್ಟಿಲಿಳಿದು ಬಾವಿಯಂತಹ ಗೋಡೆಯೊಳಗೆ ಹೋಗಿಬಂದಿರುತ್ತಾರೆ. ಮೊದಲ ಸಲ ಬಂದ ಮಕ್ಕಳು, ‘ಮಂಟಪ ಯಾಕೆ ಬಾವಿಯೊಳಗಿದೆ?’ ಎಂದು ಕೇಳದೆ ಬಿಡುವುದಿಲ್ಲ. ನಾರಾಯಣಪುರದ ಬಸವಸಾಗರ ಜಲಾಶಯದ ಹಿನ್ನೀರು ಸಂಗಮದವರೆಗೆ ಏರಿ ನಿಲ್ಲುತ್ತದೆ. ಮಂಟಪವನ್ನು ಅದರಿಂದ ಉಳಿಸಿಕೊಳ್ಳಲು ಸುತ್ತ ಗೋಡೆ ಕಟ್ಟಬೇಕಾಯಿತು. ಮಂಟಪಕ್ಕೆ ಗೋಡೆ ಬಂದಿತು. ನದಿಯ ಮೇಲ್ಭಾಗದ ಊರುಗಳಿಗೆ ಮಾತ್ರ ಅಂತಹ ಗೋಡೆ ಬರಲಿಲ್ಲ, ಬರುವುದು ಸಾಧ್ಯವೂ ಇರಲಿಲ್ಲ. ಆ ಊರುಗಳ ಹಣೆಬರಹವನ್ನು ಬರೆದ ಕಾಯಿದೆಗಳ ಚರಿತ್ರೆಯನ್ನು ಇಂದು ಕೊಂಚ ಅವಲೋಕಿಸೋಣ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಬರದ ಸೀಮೆಯ ತಾಲ್ಲೂಕುಗಳು. (ಈಚಿನ ವರ್ಷಗಳಲ್ಲಿ ಇವುಗಳಿಂದಲೇ ನಿಡಗುಂದಿ, ಕೊಲ್ಹಾರ, ತಾಳಿಕೋಟೆ, ಚಡಚಣ, ದೇವರ ಹಿಪ್ಪರಗಿಗಳೂ ತಾಲ್ಲೂಕುಗಳಾದವು, ಇಲ್ಲಿ ಹಳೆಯ ಹೆಸರುಗಳನ್ನೇ ಬಳಸಿದ್ದೇನೆ.) ಡೋಣಿ ಹರಿದ ವರ್ಷ ಓಣಿ ತುಂಬ ಕಾಳು, ಹರಿಯದಿದ್ದರೆ ಗುಳೆ. 1876-78ರ ಘೋರ ಕ್ಷಾಮ ಅಂದಿನ ಕಲಾದಗಿ ಜಿಲ್ಲೆಯನ್ನು ಹಿಂಡಿಹಾಕಿತು. ಅನಂತರವೇ ಸರ್ಕಾರ ಕ್ಷಾಮಸಂಹಿತೆಯನ್ನು ರೂಪಿಸಿದ್ದು, ಗದಗದಿಂದ ಹೊಟಗಿಯವರೆಗೆ ರೈಲುಹಳಿ ಹಾಕಿಸಿದ್ದು. ಹಸಿದವರಿಗೆ ಕಾಳು ಸಾಗಿಸುವ ದಾರಿಯಾಯಿತೇ ಹೊರತು, ಹೊಲಕ್ಕೆ ನೀರು ತರುವ ದಾರಿಯಾಗಲಿಲ್ಲ. ವಚನ ಪಿತಾಮಹ ಡಾ. ಫ.ಗು. ಹಳಕಟ್ಟಿಯವರನ್ನು ನಾವು ತಾಡೋಲೆಗಳೊಂದಿಗೆ ಮಾತ್ರ ನೆನೆಯುತ್ತೇವೆ. ಮುಂಬಯಿ ಶಾಸನ ಪರಿಷತ್ತಿನಲ್ಲಿ ಕುಳಿತವರೂ, ವಿಜಾಪುರ ಜಿಲ್ಲೆಗೆ ಕ್ಷಾಮ ನಿವಾರಣಾ ಸಂಸ್ಥೆಯನ್ನು ಕಟ್ಟಿದವರೂ ಅವರೇ ಎಂಬುದನ್ನು ಮರೆಯಲಾಗದು.

1956ರ ಆಗಸ್ಟ್ ತಿಂಗಳ ಕೊನೆಯಲ್ಲಿ, ಮೂರು ದಿನಗಳ ಅಂತರದಲ್ಲಿ, ಎರಡು ಕಾಯಿದೆಗಳು ಜನ್ಮ ತಾಳಿದವು. 28ರಂದು ಅಂತರರಾಜ್ಯ ನದಿನೀರು ವಿವಾದಗಳ ಕಾಯಿದೆ, 31ರಂದು ರಾಜ್ಯ ಪುನರ್ವಿಂಗಡಣಾ ಕಾಯಿದೆ. ಎರಡನೆಯದು ನಮ್ಮ ಜಿಲ್ಲೆಯನ್ನು ಮುಂಬಯಿಯಿಂದ ಬಿಡಿಸಿ ನವೆಂಬರ್ 1ರಂದು ಮೈಸೂರಿಗೆ ಸೇರಿಸಿತು. ಮೊದಲನೆಯದನ್ನು ಹಬ್ಬ ಮಾಡಿ ಸ್ವಾಗತಿಸಿದವರಾರೂ ಇಲ್ಲ; ಆದರೆ ಮುಂದಿನ ಎಪ್ಪತ್ತು ವರ್ಷ ನಮ್ಮ ಸೀಮೆಯನ್ನು ಆಳಿದ್ದು ಅದೇ. ಸಂವಿಧಾನದ ರಾಜ್ಯಪಟ್ಟಿಯಲ್ಲಿ ನೀರು ರಾಜ್ಯದ ವಿಷಯ. ಆದರೆ ಅಂತರರಾಜ್ಯ ನದಿಗಳ ನಿಯಂತ್ರಣ ಕೇಂದ್ರಪಟ್ಟಿಯಲ್ಲಿದೆ, ಹಂಚಿಕೆಯ ಜಗಳವನ್ನು 262ನೆಯ ವಿಧಿ ಸಂಸತ್ತಿಗೆ ಒಪ್ಪಿಸಿದೆ. ಸಂಸತ್ತು ಅದನ್ನು ನ್ಯಾಯಾಧಿಕರಣಕ್ಕೆ ವಹಿಸಿತು.

1964ರ ಮೇ 22ರಂದು ಲಾಲ್ ಬಹಾದೂರ್ ಶಾಸ್ತ್ರಿಯವರು ಬಾಗೇವಾಡಿ ತಾಲ್ಲೂಕಿನ ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟರು. ಐದು ದಿನಗಳಲ್ಲಿ ನೆಹರೂ ತೀರಿಕೊಂಡರು, ಜೂನ್ 9ಕ್ಕೆ ಶಾಸ್ತ್ರಿಯವರು ಪ್ರಧಾನಿಯಾದರು. ಅಣೆಕಟ್ಟು ಮಾತ್ರ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರ ಹಸ್ತದಿಂದ ಲೋಕಾರ್ಪಣೆಯಾದದ್ದು 2006ರಲ್ಲಿ! ನಡುವಿನ ನಾಲ್ಕು ದಶಕಗಳ ವಿಳಂಬಕ್ಕೆ ಹಣದ ಕೊರತೆ ಒಂದು ಕಾರಣ, ನೀರಿನ ವ್ಯಾಜ್ಯ ಇನ್ನೊಂದು. 1969ರಲ್ಲಿ ರಚನೆಗೊಂಡ ಬಚಾವತ್ ನ್ಯಾಯಾಧಿಕರಣ 1973ರಲ್ಲಿ ಐತೀರ್ಪು ನೀಡಿ, 1976ರಲ್ಲಿ ಅದನ್ನು ಅಂತಿಮಗೊಳಿಸಿತು. ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಟಿಎಂಸಿ. 2000ದ ಮೇ 31ರ ನಂತರ ಈ ಹಂಚಿಕೆಯನ್ನು ಪುನರ್ಪರಿಶೀಲಿಸಬಹುದೆಂಬ ಮಾತನ್ನೂ ಅದು ಸೇರಿಸಿತ್ತು. ಆ ಒಂದು ವಾಕ್ಯ ಸರ್ಕಾರದ ನೀತಿಯನ್ನೇ ಅವಸರಕ್ಕೆ ದೂಡಿತು. ಅಷ್ಟರೊಳಗೆ ನಮ್ಮ ಪಾಲನ್ನು ಬಳಸದಿದ್ದರೆ ಕಳೆದುಕೊಂಡೇವೆಂಬ ಭೀತಿ ಹುಟ್ಟಿತು. ಮುಂಗಡಪತ್ರದ ಹಣ ಸಾಲದಾದಾಗ, 1994ರಲ್ಲಿ ಕಂಪನಿ ಕಾಯಿದೆಯಡಿ ಕೃಷ್ಣಾ ಭಾಗ್ಯ ಜಲ ನಿಗಮವನ್ನು ಸ್ಥಾಪಿಸಿ ಬಾಂಡುಗಳ ಮೂಲಕ ಸಾಲ ಎತ್ತಲಾಯಿತು.

ಇನ್ನು ನೆಲದ ಮಾತು. ನೀರಿನ ಕಾಯಿದೆ ಸ್ವತಂತ್ರ ಭಾರತದ್ದು. ನೆಲವನ್ನು ತೆಗೆದುಕೊಂಡ ಕಾಯಿದೆ 1894ರದು. ಅದನ್ನು ರಚಿಸಿದ ಗವರ್ನರ್ ಜನರಲರ ಸಭೆಯಲ್ಲಿ ನಮ್ಮ ರೈತನು ಮತ ಹಾಕಿ ಕಳುಹಿಸಿದ ಒಬ್ಬ ಸದಸ್ಯನೂ ಇರಲಿಲ್ಲ. ಸ್ವಾತಂತ್ರ್ಯಾನಂತರವೂ ನಮ್ಮವರೇ ಆರಿಸಿದ ಸಭೆಗಳು ಅದನ್ನು ಅಲ್ಲಲ್ಲಿ ತಿದ್ದಿದವೇ ವಿನಾ 2013ರವರೆಗೆ ಬದಲಿಸಲಿಲ್ಲ. ಇದು ನನಗೆ ಇಂದಿಗೂ ಅರಗದ ಸಂಗತಿ. ಅದೇ ಕಾಯಿದೆಯ ಕೆಳಗೆ ಹಳೆಯ ಕೊಲ್ಹಾರ ಹೋಯಿತು, ನದಿದಂಡೆಯ ಎರೆಹೊಲಗಳು ಹೋದವು.

ಕೆಲ ವರ್ಷಗಳ ಹಿಂದೆ ನಿಡಗುಂದಿ ಕಡೆಯ ಹಿರಿಯರೊಬ್ಬರು ದಾಸೋಹದ ನಂತರ ಪಡಸಾಲೆಯಲ್ಲಿ ಕುಳಿತು, ಪ್ಲಾಸ್ಟಿಕ್ ಚೀಲದಿಂದ ಹಳೆಯ ಕಾಗದಗಳನ್ನು ತೆಗೆದರು. “ತಮ್ಮಾ, ನೀ ಎಂ.ಎ. ಓದೀದಿ. ಇದರಾಗ ಏನೈತಿ ಹೇಳು” ಎಂದರು. ಅವರ ತಂದೆಯ ಹೆಸರಿನ ಭೂಸ್ವಾಧೀನದ ನೋಟೀಸು, ಉತಾರ, ಹಣ ಪಡೆದ ರಸೀದಿಯ ನಕಲು. ಓದುತ್ತ ಹೋದಂತೆ ನನ್ನ ದನಿ ಸಣ್ಣಗಾಯಿತು. ಏಕೆಂದರೆ ಆ ಹಳೆಯ ಕಾಯಿದೆಯಲ್ಲಿ ಒಂದು ಸೂಕ್ಷ್ಮವಿತ್ತು. ಪರಿಹಾರ ಕಡಿಮೆಯಾಯಿತೆನ್ನುವವನು 18ನೆಯ ಕಲಮಿನಂತೆ ಗೊತ್ತುಪಡಿಸಿದ ಅವಧಿಯಲ್ಲಿ ಅರ್ಜಿ ಕೊಟ್ಟು ನ್ಯಾಯಾಲಯಕ್ಕೆ ಹೋಗಬಹುದಿತ್ತು. ಆದರೆ ಹಣ ಪಡೆಯುವಾಗ, ವಕೀಲರು ‘ಅಂಡರ್ ಪ್ರೊಟೆಸ್ಟ್’ ಎನ್ನುವ ಹಾಗೆ, ತಕರಾರನ್ನು ಕಾಯ್ದಿರಿಸಿಕೊಳ್ಳದೆ ಪಡೆದರೆ ಆ ಹಕ್ಕು ಹೋಗುತ್ತಿತ್ತು. ಅಜ್ಜಾರ ತಂದೆ ಹೆಬ್ಬೆಟ್ಟು ಒತ್ತಿದ್ದರು. ತಕರಾರಿನ ಒಂದು ಶಬ್ದವೂ ರಸೀದಿಯಲ್ಲಿರಲಿಲ್ಲ.

“ಬಾಜೂ ಹೊಲದವರಿಗೆ ಕೋರ್ಟಿನಾಗ ಹೆಚ್ಚಿಗಿ ಬಂತು. ನಮಗ್ಯಾಕ ಬರಲಿಲ್ಲ?” ಎಂಬುದು ಅವರ ಪ್ರಶ್ನೆ. ಇದೇ ಅನ್ಯಾಯವನ್ನು ಕಂಡು ಸಂಸತ್ತು 1984ರಲ್ಲಿ 28-ಎ ಕಲಮನ್ನು ಸೇರಿಸಿತ್ತು. ಒಂದೇ ಅಧಿಸೂಚನೆಯಡಿ ಭೂಮಿ ಕಳೆದುಕೊಂಡವರಲ್ಲಿ ಒಬ್ಬನಿಗೆ ನ್ಯಾಯಾಲಯ ಹೆಚ್ಚಿನ ಪರಿಹಾರ ಕೊಟ್ಟರೆ, 18ನೆಯ ಕಲಮಿನ ಅರ್ಜಿ ಹಾಕದೆ ಉಳಿದವರೂ ಮೂರು ತಿಂಗಳೊಳಗೆ ಅದನ್ನು ಕೇಳಬಹುದು. ಬಡವನಿಗಾಗಿಯೇ ಮಾಡಿದ ತಿದ್ದುಪಡಿ ಅದು. ಆ ಮೂರು ತಿಂಗಳಲ್ಲಿ ಅಂತಹ ಕಲಮೊಂದು ಇದೆಯೆಂದು ಅವರ ಮನೆಗೆ ಹೇಳಿದವರಿಲ್ಲ. ನಾನು ಅರ್ಥ ಹೇಳುವ ಹೊತ್ತಿಗೆ ಅವಧಿ ಎಂದೋ ಮೀರಿತ್ತು.

ಅವರು ಕಳೆದುಕೊಂಡದ್ದು ವ್ಯರ್ಥವಾಯಿತೆನ್ನಲಾಗದು. ನಾರಾಯಣಪುರ ಎಡದಂಡೆ ವ್ಯವಸ್ಥೆಯ ಇಂಡಿ ಶಾಖಾ ಕಾಲುವೆಯಿಂದ ಸಿಂದಗಿ, ಇಂಡಿ ತಾಲ್ಲೂಕುಗಳ ಹೊಲಗಳಿಗೆ ನೀರು ಬಂದಿತು. ಕಾಲುವೆಯ ಕೊನೆಯ ಹೊಲದವರು ಇಂದಿಗೂ ಬೇಸಿಗೆಯಲ್ಲಿ ಗೊಣಗುತ್ತಾರೆ, ಅದೂ ಸುಳ್ಳಲ್ಲ. ಮುಳುಗಿದವರು ಒಂದು ತಾಲ್ಲೂಕಿನವರು, ನೀರುಂಡವರು ಇನ್ನೊಂದರವರು. ನಮ್ಮ ಪಂಕ್ತಿಯಲ್ಲಿ ಇಬ್ಬರೂ ಒಟ್ಟಿಗೆ ಕುಳಿತು ಪ್ರಸಾದ ಸ್ವೀಕರಿಸುತ್ತಾರೆ.

ಮುಂದಿನ ಕಥೆ ಎತ್ತರದ್ದು. 2000ದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆಲಮಟ್ಟಿಗೆ 519.60 ಮೀಟರ್‌ವರೆಗೆ ಅವಕಾಶ ಕೊಟ್ಟಿತು. 2010ರ ಡಿಸೆಂಬರ್ 30ರಂದು ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣ 524.256 ಮೀಟರ್‌ಗೆ ಒಪ್ಪಿ, ಮೂರನೆಯ ಹಂತಕ್ಕೆ 130 ಟಿಎಂಸಿ ಗೊತ್ತುಮಾಡಿತು. ಆದರೆ ಐತೀರ್ಪು ರಾಜ್ಯಪತ್ರದಲ್ಲಿ ಪ್ರಕಟವಾದಾಗಲೇ ಅದಕ್ಕೆ ಬಲ. 2011ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರಕಟಣೆಗೆ ತಡೆ ನೀಡಿತು. 2013ರಲ್ಲಿ ಅಂತಿಮ ವರದಿ ಬಂದರೂ ಅದು ವರ್ಷಗಟ್ಟಲೆ ರಾಜ್ಯಪತ್ರ ಕಾಣಲಿಲ್ಲ.

ಅದೇ 2013ರಲ್ಲಿ ಸಂಸತ್ತು 1894ರ ಕಾಯಿದೆಯನ್ನು ತೆಗೆದುಹಾಕಿ ಹೊಸದನ್ನು ರಚಿಸಿತು. 2014ರ ಜನವರಿ 1ರಿಂದ ಜಾರಿ. ಪುನರ್ವಸತಿ ಹಕ್ಕಾಯಿತು. ಮಾರುಕಟ್ಟೆ ಬೆಲೆಯ ಮೇಲೆ ಕೊಡುವ ಸಾಂತ್ವನ ಮೊತ್ತ, ಹಿಂದೆ ಶೇ. 15, 1984ರ ನಂತರ ಶೇ. 30 ಇದ್ದದ್ದು, ಶೇ. 100 ಆಯಿತು. 2025ರ ಸೆಪ್ಟೆಂಬರ್ 16ರಂದು ರಾಜ್ಯ ಸಚಿವ ಸಂಪುಟವು ಮೂರನೆಯ ಹಂತದಲ್ಲಿ ಮುಳುಗುವ 75,563 ಎಕರೆಗೆ ದರ ಗೊತ್ತುಪಡಿಸಿತು: ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ, ಒಪ್ಪಂದದ ಐತೀರ್ಪಿನ ಮೂಲಕ.

ಆ ಸುದ್ದಿ ಬಂದ ವಾರ ಅಜ್ಜಾರು ಮತ್ತೆ ಬಂದರು, ಈ ಸಲ ಮೊಮ್ಮಗನೊಂದಿಗೆ. ಉಳಿದ ಎರಡೆಕರೆಯೂ ನೀರಿನ ಗೆರೆಯೊಳಗೆ ಬರುತ್ತದೆಯಂತೆ. ದರ ಎಷ್ಟೆಂದು ಅವರು ಕೇಳಲಿಲ್ಲ. “ಒಪ್ಪಂದ ಅಂದ್ರ, ಸಹಿ ಮಾಡಿದ ಮ್ಯಾಲ ಕೋರ್ಟಿಗೆ ಹೋಗಾಕ ಬರತೈತೇನು? ಅದನ್ನ ಮೊದಲ ಓದಿ ಹೇಳು” ಎಂದರು. ಮೊಮ್ಮಗ ಮೊಬೈಲಿನಲ್ಲಿ ಕಾಯಿದೆಯ ಕನ್ನಡ ಪಾಠವನ್ನು ಹುಡುಕತೊಡಗಿದ್ದ.